ತಿರುಗಿ ನೋಡಬಾರದು

ನನ್ನ ಕಾರಿನ ರಿವರ್ಸ್ ಕ್ಯಾಮೆರಾ ಮೇಲೆ ನನಗೊಂದು ಸಿಟ್ಟಿದೆ. ಅದರ ತಪ್ಪೇನೂ ಇಲ್ಲ, ಅದು ತನ್ನ ಕೆಲಸ ಮಾಡಿತು. ಆದರೂ ಸಿಟ್ಟು.

2024ರ ಏಪ್ರಿಲ್‌ನಲ್ಲಿ ನನ್ನ ಕಾಕಾನ ಮಗ ತೀರಿಕೊಂಡ. ವಯಸ್ಸು 34. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವನು, ಹಾಗಾಗಿ ಶಾಲೆಯ ಹೆಸರು ಏನೇ ಇದ್ದರೂ ನಮ್ಮೆಲ್ಲರ ಬಾಯಲ್ಲಿ ಅವನು ಸಣ್ಯಾ. ಬೆಂಗಳೂರಿನಲ್ಲಿ ಕೆಲಸ, ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದ. ಮದುವೆ ಆಗಿರಲಿಲ್ಲ. ರೋಣದ ಕಡೆಯ ನಮ್ಮೂರಿಗೆ ಒಯ್ಯಬೇಕೆಂದರೆ ಎಂಟು ತಾಸಿನ ದಾರಿ, ಅದರ ಮೇಲೆ ಆ ಬಿಸಿಲು. ಇಲ್ಲೇ ಮಾಡೋದು ಅಂತ ಆಯಿತು. ಕಾಕಾ, ದೊಡ್ಡಪ್ಪ, ಇನ್ನೂ ನಾಲ್ಕು ಜನ ಸುದ್ದಿ ಕೇಳಿದ ಕೂಡಲೇ ಗಾಡಿ ಮಾಡಿಕೊಂಡು ಬಂದರು. ಮರುದಿನ ಹನ್ನೊಂದಕ್ಕೆ ಸ್ಲಾಟ್ ಸಿಕ್ಕಿತು. ಸ್ಲಾಟ್ ಅಂದರೇನು ಅಂತ ಕಾಕಾಗೆ ಬಿಡಿಸಿ ಹೇಳುವುದರೊಳಗೆ ನನಗೆ ಸಾಕಾಯಿತು.

ವಿದ್ಯುತ್ ಚಿತಾಗಾರದಲ್ಲಿ ಎಲ್ಲವೂ ಬೇಗ ಬೇಗ. ಹೊರಗಿನ ಕಟ್ಟೆಯ ಮೇಲೆ ಹೆಣ ಇಳಿಸಿ ಶಾಸ್ತ್ರ ಮುಗಿಸಬೇಕು, ಹಿಂದೆ ಇನ್ನೊಂದು ಗಾಡಿ ಕಾಯುತ್ತಿರುತ್ತದೆ. ಕಾಕಾ ನೀರು ತುಂಬಿದ ಗಡಿಗೆ ಹೆಗಲ ಮೇಲೆ ಇಟ್ಟುಕೊಂಡು ಸುತ್ತು ಬಂದ. ಒಂದೊಂದು ಸುತ್ತಿಗೂ ದೊಡ್ಡಪ್ಪ ಹಿಂದಿನಿಂದ ಗಡಿಗೆಗೆ ಒಂದು ತೂತು ಹಾಕುತ್ತಿದ್ದ. ನೀರು ಬರಿ ಬೆನ್ನ ಮೇಲೆ ಇಳಿದು ಧೋತರ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ಮಗ ಅಪ್ಪನಿಗೆ ಮಾಡುವ ಕೆಲಸ ಅದು. ಮೂರನೇ ಸುತ್ತಿಗೆ ಗಡಿಗೆಯನ್ನು ಹಿಂದಕ್ಕೆ ಬಿಟ್ಟ. ಒಡೆದ ಸದ್ದು ಬಂತು. ‘ಇನ್ನ ತಿರುಗಿ ನೋಡಬ್ಯಾಡ, ನಡಿ’ ಅಂದ ದೊಡ್ಡಪ್ಪ. ಒಳಗೆ ತಳ್ಳುಗಾಡಿ ಹೋಯಿತು, ಕಬ್ಬಿಣದ ಬಾಗಿಲು ಇಳಿಯಿತು, ಬೂದಿ ಒಯ್ಯಲು ನಾಳೆ ಬನ್ನಿ ಅಂತ ಚೀಟಿ ಕೊಟ್ಟರು.

ನಾವು ಯಾರೂ ತಿರುಗಿ ನೋಡಲಿಲ್ಲ. ಸಾಲಾಗಿ ನಡೆದು ಬಂದು ಕಾರು ಹತ್ತಿದೆವು. ಕಾಕಾ ನನ್ನ ಪಕ್ಕದ ಸೀಟಿನಲ್ಲಿ ಕೂತ. ಮುಂದೆ ಒಂದು ಟೆಂಪೊ ಅಡ್ಡ ನಿಂತಿತ್ತು, ಎರಡು ಮಾರು ಹಿಂದೆ ಹೋಗದೆ ಗಾಡಿ ತಿರುಗಿಸುವ ಹಾಗಿರಲಿಲ್ಲ. ರಿವರ್ಸ್ ಗೇರ್ ಹಾಕಿದೆ. ಡ್ಯಾಶ್‌ಬೋರ್ಡಿನ ಪರದೆ ಹೊತ್ತಿಕೊಂಡಿತು. ಅದರ ತುಂಬ ಚಿತಾಗಾರ. ಗೇಟು, ಕಟ್ಟೆ, ಗಡಿಗೆಯ ಬೋಕಿಗಳು, ಹಿಂದೆ ಎತ್ತರದ ಕೊಳವೆ. ಅವೆಲ್ಲದರ ಮೇಲೆ ಹಸಿರು, ಹಳದಿ, ಕೆಂಪು ಗೆರೆ. ಕೀಂ ಕೀಂ ಸದ್ದು ಬೇರೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕೂತ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡಿದ್ದ. ಕಾಕಾ ಮಾತ್ರ ಪರದೆಯನ್ನೇ ನೋಡುತ್ತಿದ್ದ. ಕತ್ತು ತಿರುಗಿಸಿರಲಿಲ್ಲ. ಮುಖ ಮುಂದಕ್ಕೇ ಇತ್ತು. ಶಾಸ್ತ್ರ ಮುರಿದ ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಮೊದಲ ಗೇರಿಗೆ ಬರಲು ನಾನು ಸ್ವಲ್ಪ ಜಾಸ್ತಿಯೇ ಹೊತ್ತು ತಗೊಂಡೆ ಅನ್ನಿಸುತ್ತದೆ. ಬಂದ ಕೂಡಲೇ ಚಿತಾಗಾರ ಹೋಗಿ ಹಿಂದಿನ ವಾರ ನಾನು ಹಾಕಿಟ್ಟಿದ್ದ ಹಾಡುಗಳ ಪಟ್ಟಿ ಬಂತು.

ಅವತ್ತಿನಿಂದ ಇದು ತಲೆಯಲ್ಲಿ ಕೂತಿದೆ. ತಿರುಗಿ ನೋಡಬಾರದು ಅಂತಾರಲ್ಲ, ನೋಡಿದರೆ ಏನಾಗುತ್ತೆ? ದೊಡ್ಡಪ್ಪನನ್ನು ಕೇಳಿದೆ. ‘ಹಿಂದ ಬರ್ತಾರ’ ಅಂದ. ಅಷ್ಟೇ. ಕಚ್ಚುತ್ತಾರೆ, ಕೊಲ್ಲುತ್ತಾರೆ ಅಂತ ಏನಿಲ್ಲ. ನಾವು ನೋಡಿದರೆ ಅವರೂ ಮನೆಗೆ ಹೊರಡುತ್ತಾರೆ. ಈ ಒಂದು ಮಾತು ಸಾಕಾಯಿತು ನನಗೆ, ಸಣ್ಣವನಿದ್ದಾಗಿನಿಂದ ಕೇಳಿದ, ಓದಿದ, ನೋಡಿದ ದೆವ್ವಗಳನ್ನೆಲ್ಲ ಮತ್ತೆ ಎದುರಿಗೆ ಕರೆದು ಕೂರಿಸಿಕೊಳ್ಳಲು.

ಬರ್ತೀನಿ ಅನ್ನಬಾರದ ಮನೆ

ಯಾರ ಮನೆಯಿಂದ ಎದ್ದರೂ ನಾವು ‘ಹೋಗ್ತೀನಿ’ ಅನ್ನಲ್ಲ, ‘ಬರ್ತೀನಿ’ ಅಂತೀವಿ. ಹೋಗುವುದು ಅನ್ನೋ ಪದಕ್ಕೆ ಇನ್ನೊಂದು ಅರ್ಥ ಇದೆಯಲ್ಲ, ಆ ಭಯ. ಸಾವಿನ ಮನೆಯಲ್ಲಿ ಇದು ಉಲ್ಟಾ. ಅಲ್ಲಿ ಬರ್ತೀನಿ ಅನ್ನುವ ಹಾಗಿಲ್ಲ, ಸುಮ್ನೆ ಎದ್ದು ಬರಬೇಕು. ಆ ದಿನ ಸಣ್ಯಾನ ಬಾಡಿಗೆ ಮನೆಯಿಂದ ಹೊರಟವರೆಲ್ಲ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಾಯಿಗೆ ಬಂದದ್ದನ್ನು ನುಂಗಿ, ಚಪ್ಪಲಿ ಹುಡುಕುವ ನೆಪ ಮಾಡಿ ಜಾರಿಕೊಂಡರು. ಅವನ ಆಫೀಸಿನ ಹುಡುಗನೊಬ್ಬ ಮರೆತು ‘ಬರ್ತೀನಿ ಅಂಕಲ್’ ಅಂದುಬಿಟ್ಟ. ಅಂದ ಮೇಲೆ ಗೊತ್ತಾಗಿ ಬಿಳಿಚಿಕೊಂಡ. ಕಾಕಾ ಅವನ ಕೈ ಹಿಡಿದು ‘ಬಾರಪ್ಪಾ’ ಅಂದ.

ಇಂಥವು ಎಷ್ಟಿಲ್ಲ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ರಾತ್ರಿ ಹಾವು ಅನ್ನಬಾರದು, ಹುಳ ಅನ್ನಬೇಕು. ಕತ್ತಲಲ್ಲಿ ಯಾರಾದರೂ ಹೆಸರು ಹಿಡಿದು ಒಂದು ಸಲ ಕೂಗಿದರೆ ಓ ಅನ್ನಬಾರದು, ಮೂರು ಸಲ ಕೂಗಲಿ. ದೊಡ್ಡ ಮಂತ್ರ, ತಾಯತ, ನಿಂಬೆಹಣ್ಣು ಎಲ್ಲ ಆಮೇಲಿನ ಮಾತು. ಸತ್ತವರಿಗೂ ಬದುಕಿದವರಿಗೂ ನಡುವೆ ನಾವು ಹಾಕಿಕೊಂಡ ಬೇಲಿ ಇಂಥ ಪುಟ್ಟ ಪುಟ್ಟ ಮಾತುಗಳದ್ದು. ಯಾರನ್ನೂ ಬೈಯದ ಹಾಗೆ, ಯಾರಿಗೂ ಬೇಜಾರಾಗದ ಹಾಗೆ ಹಾಕಿದ ಬೇಲಿ.

ತೊಂಬತ್ತರ ದಶಕದ ‘ನಾಳೆ ಬಾ’ ನೆನಪಿರಬೇಕಲ್ಲ? ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಲ್ಲಿ ಬರೆದಿರುತ್ತಿದ್ದರು. ರಾತ್ರಿ ಒಬ್ಬಳು ಬಂದು ಬಾಗಿಲು ಬಡಿಯುತ್ತಾಳೆ, ತೆಗೆದರೆ ಸಾವು, ಬರಹ ಓದಿದರೆ ನಾಳೆ ಬರೋಣ ಅಂತ ಹೋಗುತ್ತಾಳೆ. ನಾಳೆ ಬಂದರೂ ಅದೇ ಬರಹ. 2018ರಲ್ಲಿ ‘ಸ್ತ್ರೀ’ ಅನ್ನೋ ಹಿಂದಿ ಸಿನಿಮಾ ಇದನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು ‘ಕಲ್ ಆನಾ’ ಮಾಡಿತು, ಜನ ನಕ್ಕರು. ನಗುವಂಥದ್ದೇ. ಕನ್ನಡ ಓದಲು ಬರುವ ದೆವ್ವ, ಅದೂ ಹೇಳಿದ ಮಾತು ಕೇಳುವ ದೆವ್ವ.

ಆದರೆ ಈ ಕಥೆಯ ಚೂಪು ಇರುವುದು ಬೇರೆ ಕಡೆ. ಅವಳು ಬಂದು ಕರೆಯುವುದು ನಿಮ್ಮ ಅವ್ವನ ದನಿಯಲ್ಲಿ. ಅಣ್ಣನ, ತಂಗಿಯ, ಊರಿಗೆ ಹೋದ ಗಂಡನ ದನಿಯಲ್ಲಿ. ಅಪರಿಚಿತ ದನಿ ಆಗಿದ್ದರೆ ಯಾರು ಬಾಗಿಲು ತೆಗೆಯುತ್ತಿದ್ದರು? ಹಾಗಾಗಿಯೇ ಬಾಗಿಲ ಮೇಲೆ ‘ಬರಬೇಡ’ ಅಂತ ಬರೆಯಲು ಯಾರಿಗೂ ಕೈ ಬರಲಿಲ್ಲ ಅಂತ ನನ್ನ ಲೆಕ್ಕ. ಒಂದು ವೇಳೆ ಅವ್ವನೇ ಆಗಿದ್ದರೆ? ಅವ್ವನಿಗೆ ಬರಬೇಡ ಅಂತ ಬರೆದಂತಾಗುವುದಿಲ್ಲವಾ? ನಾಳೆ ಬಾ ಅಂದರೆ ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ. ನಾವು ಸಾಲ ಕೇಳಲು ಬಂದ ನೆಂಟರಿಗೂ ಹೀಗೇ ಹೇಳುವುದು.

ಬುಟ್ಟಿಯಲ್ಲಿ ಬಂದವನು

ನಮ್ಮ ಕಡೆಯವರಿಗೆ ಜೋಕುಮಾರನನ್ನು ಪರಿಚಯ ಮಾಡಿಕೊಡಬೇಕಿಲ್ಲ. ಕಂಬಾರರ ನಾಟಕ ನೋಡಿದ ದಕ್ಷಿಣದವರಿಗೂ ಹೆಸರು ಗೊತ್ತಿರುತ್ತದೆ. ಆದರೆ ನಾಟಕದಲ್ಲಿ ಸಿಗುವವನಿಗಿಂತ ಬುಟ್ಟಿಯಲ್ಲಿ ಕೂತು ಮನೆಗೆ ಬರುವವನು ಜಾಸ್ತಿ ಹೆದರಿಸುತ್ತಾನೆ.

ಭಾದ್ರಪದದಲ್ಲಿ ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಇವನು ಹುಟ್ಟುತ್ತಾನೆ. ಮಣ್ಣಿನ ಗೊಂಬೆ. ಅಗಲ ಮುಖ, ಕಿವಿತನಕ ಮೀಸೆ, ತೆರೆದ ಬಾಯಿ, ಹಾಗೇ ನೆಟ್ಟ ಕಣ್ಣು. ಗಂಡಸು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರದ ಹಾಗೆ ಮಾಡಿರುತ್ತಾರೆ. ಸುತ್ತ ಬೇವಿನ ಸೊಪ್ಪು. ಅಂಬಿಗರ ಮನೆಯ ಹೆಣ್ಣುಮಕ್ಕಳು ಅವನನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಮನೆ ಮನೆಗೆ ಬಂದು ಹಾಡು ಹೇಳುತ್ತಾರೆ. ಮಳೆ ಬರಲಿ, ಕೆರೆ ತುಂಬಲಿ, ಗೊಡ್ಡು ದನ ಹೈನಾಗಲಿ ಅನ್ನುವ ಹಾಡು. ಮೊರದಲ್ಲಿ ಜೋಳ ಹಾಕಿದರೆ ಅವರು ಬೇವಿನ ಎಲೆ, ನುಚ್ಚು ಕೊಡುತ್ತಾರೆ, ಅದನ್ನು ಹೊಲಕ್ಕೆ ಚೆಲ್ಲಬೇಕು. ಬಾಯಿಗೆ ಬೆಣ್ಣೆ ಹಚ್ಚಬೇಕು. ಆ ಬೆಣ್ಣೆ ಬಿಸಿಲಿಗೆ ಕರಗಿ ಗಲ್ಲದ ಮೇಲೆ ಇಳಿದು, ಅದಕ್ಕೆ ದೂಳು ಮೆತ್ತಿ, ಮೂರನೇ ದಿನದ ಹೊತ್ತಿಗೆ ಅವನ ಮುಖ ಜ್ವರ ಬಂದವರ ಮುಖದ ಹಾಗೆ ಆಗಿರುತ್ತಿತ್ತು.

ಸಣ್ಯಾಗೆ ನಾಲ್ಕು ವರ್ಷ ಇರಬೇಕು, ನನಗೆ ಹನ್ನೆರಡು. ಆಯಿ, ಅಂದರೆ ನಮ್ಮಜ್ಜಿ, ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಣ್ಣೆ ಹಚ್ಚಿಸಲು ಕರೆದುಕೊಂಡು ಹೋದಳು. ಅವನು ಬೆರಳು ಮುಂದೆ ಮಾಡಿ, ಗೊಂಬೆಯ ಬಾಯಿ ನೋಡಿ, ಹಿಂದಕ್ಕೆ ಎಳೆದುಕೊಂಡ. ಕಚ್ಚುತ್ತಾನೆ ಅಂತ ಭಯ. ಆಯಿ ‘ಹಚ್ಚೋ, ಇನ್ನ ನಾಕು ದಿನಕ್ಕ ಸಾಯ್ತಾನ ಪಾಪ’ ಅಂದಳು. ಸಣ್ಯಾ ಅವಳ ಮುಖ ನೋಡಿದ, ಗೊಂಬೆಯ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಬೆಣ್ಣೆಯನ್ನೆಲ್ಲ ಅದರ ಬಾಯಿಗೆ ತುರುಕಿದ. ಹಾಡುತ್ತಿದ್ದ ಹೆಣ್ಣುಮಕ್ಕಳು ಹಾಡು ನಿಲ್ಲಿಸಿ ನಕ್ಕರು.

ಅವನ ಆಯುಸ್ಸು ಏಳೇ ದಿನ. ಅಷ್ಟರಲ್ಲೇ ಬೆಳೆದು ಪ್ರಾಯಕ್ಕೆ ಬಂದು, ಕಂಡ ಹೆಣ್ಣುಗಳನ್ನೆಲ್ಲ ಕೆಣಕಿ, ಊರವರ ಕೈಯಲ್ಲಿ ಸಾಯುತ್ತಾನೆ. ಹೇಗೆ ಸತ್ತ ಅನ್ನುವುದಕ್ಕೆ ಊರಿಗೊಂದು ಕಥೆ. ಆಯಿ ಹೇಳುತ್ತಿದ್ದುದು ಹೀಗೆ: ಹುಣ್ಣಿಮೆ ರಾತ್ರಿ ಗೊಂಬೆಯ ಸುತ್ತ ಮುಳ್ಳು ಹಾಕುತ್ತಾರೆ, ಹೆಣ್ಣುಮಕ್ಕಳು ಹಾಡುತ್ತ ಸುತ್ತು ಬರುತ್ತಾರೆ, ಯಾರದಾದರೂ ಸೀರೆ ಮುಳ್ಳಿಗೆ ಸಿಕ್ಕಿದ ಕೂಡಲೇ ‘ಸೆರಗು ಎಳದ, ಸೆರಗು ಎಳದ’ ಅಂತ ಕೂಗಿ ಒನಕೆಯಲ್ಲಿ ಬಡಿದು ಕೊಲ್ಲುತ್ತಾರೆ. ವಾರವಿಡೀ ತಲೆಯ ಮೇಲೆ ಹೊತ್ತು ತಿರುಗಿ, ಹಾಡಿ, ಬೆಣ್ಣೆ ತಿನ್ನಿಸಿದ ಕೈಗಳೇ. ಆಮೇಲೆ ಅಗಸರು ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆ ಹಾಕಿ ಬರುತ್ತಾರೆ. ಬರುವಾಗ ತಿರುಗಿ ನೋಡುವುದಿಲ್ಲ. ಅವನು ನರಳುತ್ತಾನಂತೆ. ಆ ದನಿ ಕಿವಿಗೆ ಬಿದ್ದರೆ ಒಳ್ಳೆಯದಲ್ಲ. ಅಗಸರು ಮೂರು ದಿನ ಹೊಳೆಗೆ ಹೋಗದೆ, ಕೊನೆಗೆ ಅವನ ದಿನ ಮಾಡುತ್ತಾರೆ. ದಿನ ಅಂದರೆ ನಮ್ಮ ನಿಮ್ಮ ಮನೆಯಲ್ಲಿ ಮಾಡುವಂಥದ್ದೇ.

ಆ ರಾತ್ರಿ ನಮ್ಮ ಮನೆಯಲ್ಲಿ ಬೇಗ ಉಂಡು ಬಾಗಿಲು ಹಾಕುತ್ತಿದ್ದರು. ಹುಣ್ಣಿಮೆ ಬೆಳಕು ಕಿಟಕಿ ಸಂದಿಯಿಂದ ಹಾಸಿಗೆ ಮೇಲೆ ಬೀಳುತ್ತಿತ್ತು. ನಾನು ಕಿವಿಗೆ ಬೆರಳು ಇಟ್ಟುಕೊಂಡು, ಆಗಾಗ ಸ್ವಲ್ಪ ಸಡಿಲ ಮಾಡಿ, ಮತ್ತೆ ಇಟ್ಟುಕೊಂಡು ಮಲಗುತ್ತಿದ್ದೆ. ಕೇಳಬಾರದು ಅಂದದ್ದಕ್ಕೇ ಅಷ್ಟು ಕೇಳಬೇಕು ಅನ್ನಿಸುತ್ತಿತ್ತು. ನಾನು ಆಮೇಲೆ ಎಷ್ಟೋ ಭೂತದ ಸಿನಿಮಾ ನೋಡಿದ್ದೇನೆ, ದೊಡ್ಡ ಸ್ಪೀಕರ್ ಹಾಕಿಕೊಂಡು ನೋಡಿದ್ದೇನೆ. ಆ ಬೆರಳಿನ ಸಂದಿಯ ನಿಶ್ಶಬ್ದದಷ್ಟು ಹೆದರಿಕೆ ಯಾವುದೂ ಹುಟ್ಟಿಸಿಲ್ಲ.

ಇದರಲ್ಲಿ ಇನ್ನೊಂದು ಮಾತಿದೆ. ಗಣಪತಿ ಬಂದು ಕಡಬು, ಹೋಳಿಗೆ ತಿಂದು ಹೋಗಿ ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ ಅಂತ ಶಿವನಿಗೆ ವರದಿ ಕೊಡುತ್ತಾನಂತೆ. ಜೋಕುಮಾರ ಕೇರಿ ಕೇರಿ ತಿರುಗಿ, ಬಾಯಾರಿದ ಹೊಲ ನೋಡಿ, ಪೆಟ್ಟು ತಿಂದು ಸತ್ತು ಹೋಗಿ, ಇದ್ದದ್ದು ಇದ್ದ ಹಾಗೆ ಹೇಳುತ್ತಾನಂತೆ. ಆಗ ಮಳೆ ಬರುತ್ತದೆ. ಅಂದರೆ ಮಳೆಗಾಗಿ ನಾವು ಪ್ರತಿ ವರ್ಷ ಒಬ್ಬನನ್ನು ಸಾಕಿ ಕೊಲ್ಲುತ್ತೇವೆ. ಕೊಂದದ್ದಕ್ಕೆ ಅಳುತ್ತೇವೆ. ಮರುದಿನದಿಂದಲೇ ಪಿತೃಪಕ್ಷ ಶುರು. ಪಂಚಾಂಗ ತೆಗೆದು ನೋಡಿ: ಭಾದ್ರಪದದ ಹುಣ್ಣಿಮೆ ಮುಗಿದದ್ದೇ ಮಹಾಲಯದ ಹದಿನೈದು ದಿನ, ಮನೆಯ ಸತ್ತವರಿಗೆ ಎಡೆ ಇಡುವ ಕಾಲ. ಜೋಕುಮಾರ ಅವರೆಲ್ಲರಿಗಿಂತ ಮುಂದೆ ಹೋಗಿ ಬಾಗಿಲು ತೆಗೆದವನ ಹಾಗೆ ಕಾಣುತ್ತಾನೆ ನನಗೆ. ಇದು ಯಾವ ಪಂಡಿತರೂ ಹೇಳಿದ್ದಲ್ಲ, ನನ್ನ ಊಹೆ.

‘ಹಂಗಾರ ಇದು ಯಾರು?’

2004ರ ಆಗಸ್ಟ್ ಕೊನೆಗೆ ‘ಆಪ್ತಮಿತ್ರ’ ಬಂತು. ಒಂದೆರಡು ವಾರ ಬಿಟ್ಟು ಗದಗಿನಲ್ಲಿ ಸಣ್ಯಾನನ್ನು ಕರೆದುಕೊಂಡು ಹೋದೆ. ಅವನಿಗೆ ಆಗ 14. ಟಿಕೆಟ್ ಸಿಗದೆ ಬ್ಲ್ಯಾಕಿನಲ್ಲಿ ತಗೊಂಡು, ಮುಂದಿನ ಸಾಲಿನಲ್ಲಿ ಕತ್ತು ಎತ್ತಿ ಕೂತೆವು. ಸಿನಿಮಾ ವಿಷಯ ಎಲ್ಲರಿಗೂ ಗೊತ್ತು. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ ಇಲ್ಲಿ ಬಂದು ನಾಗವಲ್ಲಿಯಾಯಿತು. ಸೌಂದರ್ಯ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡು ನಾಲ್ಕು ತಿಂಗಳು ಕಳೆದಿತ್ತು. ಅವರು ಮೊದಲ ಸಲ ಪರದೆಗೆ ಬಂದಾಗ ಥಿಯೇಟರಿನಲ್ಲಿ ಸಿಳ್ಳೆ ಬಿದ್ದು, ತಟಕ್ಕನೆ ನಿಂತಿತು. ಯಾರೋ ಮುದುಕಿ ಚ್ ಚ್ ಅಂದದ್ದು ಕೇಳಿಸಿತು.

ನಾಗವಲ್ಲಿಯ ಕುಣಿತ ಶುರುವಾಗುವ ಹೊತ್ತಿಗೆ ಸಣ್ಯಾ ನನ್ನ ತೋಳು ಹಿಡಿದುಕೊಂಡಿದ್ದ. ಕಿವಿಯ ಹತ್ತಿರ ಬಂದು ಕೇಳಿದ: ‘ಅಣ್ಣಾ, ಆಕಿ ಸತ್ತಾಳಲ್ಲ?’ ಯಾರು, ನಾಗವಲ್ಲಿನಾ ಅಂದೆ. ‘ಅಲ್ಲಪ, ಸೌಂದರ್ಯ.’ ಹೂಂ ಅಂದೆ. ‘ಹಂಗಾರ ಇದು ಯಾರು ಕುಣಿಯಾಕತ್ತಾರು?’

ನಾನು ಸುಮ್ನೆ ನೋಡೋ ಅಂತ ಬೈದೆ. ಉತ್ತರ ಇರಲಿಲ್ಲ, ಅದಕ್ಕೆ ಬೈದೆ. ಆ ಸಿನಿಮಾದಲ್ಲಿ ನಿಜವಾಗಿ ದೆವ್ವ ಇಲ್ಲ. ಸೌಂದರ್ಯ ಮಾಡಿದ ಗಂಗಾಳ ಮನಸ್ಸು ಒಡೆದು ಎರಡಾಗಿದೆ, ಡಾಕ್ಟರ್ ಬಂದು ಬಿಡಿಸಿ ಹೇಳುತ್ತಾನೆ. ಆದರೂ ಜನ ಅದನ್ನು ದೆವ್ವದ ಸಿನಿಮಾ ಅಂತಲೇ ನೋಡಿದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೋಗಿ, 2010ರ ಫೆಬ್ರವರಿಯಲ್ಲಿ ‘ಆಪ್ತರಕ್ಷಕ’ ಬಂದಾಗ ನಾಗವಲ್ಲಿಯ ಶಾಪ ಅಂತ ಎಷ್ಟು ಮಾತಾಡಿದರು! ಅದೆಲ್ಲ ಹರಟೆ. ಆದರೆ ಕತ್ತಲಲ್ಲಿ ಕೂತು ಸತ್ತವರನ್ನು ನೋಡುತ್ತಿದ್ದೇವೆ ಅನ್ನೋದು ಹರಟೆ ಅಲ್ಲ. ಅದನ್ನು ಯಾರೂ ಹೇಳಲಿಲ್ಲ. 14 ವರ್ಷದ ಹುಡುಗ ಹೇಳಿದ, ಅವನ ಬಾಯಿ ಮುಚ್ಚಿಸಿದೆ. ಪುನೀತ್ ಹೋದ ಮೇಲೆ 2022ರ ಮಾರ್ಚ್‌ನಲ್ಲಿ ‘ಜೇಮ್ಸ್’ ಬಂತಲ್ಲ, ತಮ್ಮನಿಗೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಸತ್ತವನ ಮುಖ, ಬದುಕಿರುವ ಅಣ್ಣನ ದನಿ. ನಾಳೆ ಬಾ ಕಥೆಯನ್ನು ಹಿಂದುಮುಂದು ಮಾಡಿದ ಹಾಗೆ. ಅಲ್ಲಿ ಯಾರೂ ಹೆದರಲಿಲ್ಲ. ಥಿಯೇಟರ್ ಎದುರು ಅಭಿಷೇಕ ಮಾಡಿದರು.

ನಮ್ಮ ದೆವ್ವದ ಸಿನಿಮಾಗಳ ಬಗ್ಗೆ ನನಗೊಂದು ತಕರಾರಿದೆ. ಅವುಗಳಲ್ಲಿ ಪ್ರತಿ ದೆವ್ವಕ್ಕೂ ಒಂದು ಫ್ಲ್ಯಾಶ್‌ಬ್ಯಾಕ್ ಬೇಕೇ ಬೇಕು. ಅನ್ಯಾಯ ಆಗಿರಬೇಕು, ಸೇಡು ತೀರಬೇಕು, ತೀರಿದ ಮೇಲೆ ಬೆಳಕಿನಲ್ಲಿ ಕರಗಿ ಹೋಗಬೇಕು. ಕೋರ್ಟಿನ ಕೇಸು ಮುಗಿದ ಹಾಗೆ. ಆಯಿ ಹೇಳುತ್ತಿದ್ದ ದೆವ್ವಗಳಿಗೆ ಫ್ಲ್ಯಾಶ್‌ಬ್ಯಾಕ್ ಇರಲಿಲ್ಲ. ‘ಬಾವ್ಯಾಗ ಬಿದ್ದು ಸತ್ತಿದ್ಲು. ಮಟಮಟ ಮಧ್ಯಾಹ್ನ ಆ ಕಡೆ ಹೋದ್ರ ಬುತ್ತಿ ಕೇಳ್ತಾಳ.’ ಯಾಕೆ ಬಿದ್ದಳು, ಯಾರು ದೂಡಿದರು ಅಂತ ಕೇಳಿದರೆ ‘ಯಾರಿಗ್ಗೊತ್ತು’ ಅನ್ನುತ್ತಿದ್ದಳು. ಹಸಿವು ಮುಖ್ಯ. ರೊಟ್ಟಿಯ ಒಂದು ಚೂರು ಬಾವಿಯ ಕಡೆ ಎಸೆದು ಹೋಗಬೇಕು. ನಾಳೆಯೂ ಎಸೆಯಬೇಕು. ಕೇಸು ಮುಗಿಯುವುದೇ ಇಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯ ಕಥೆ ಹಾಗಿರಲಿ, ಆ ಹೆಸರು ಮಾತ್ರ ಆಯಿಯ ದೆವ್ವದ ಬಾಯಿಂದಲೇ ಬಂದದ್ದು ಅನ್ನಿಸುತ್ತದೆ.

ರನ್ನನ ರಣರಂಗ

ಸಣ್ಯಾ ಹೋಗಿ ಹದಿನೈದು ದಿನ ಆಗಿರಬೇಕು. ನಿದ್ದೆ ಬರದೆ ಒಂದು ರಾತ್ರಿ ಹಳೆಯ ಪುಸ್ತಕ ಕೆದಕುವಾಗ ‘ಗದಾಯುದ್ಧ’ ಸಿಕ್ಕಿತು. ಪಿಯುಸಿಯಲ್ಲಿ ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿದ್ದು. ಆಗ ಅದು ವೀರರಸ ಅಂತ ಬರೆದು ಬಂದಿದ್ದೆ. ಈಗ ಓದಿದರೆ ಅದರಷ್ಟು ಹೆಣಗಳಿರುವ ಪುಸ್ತಕ ಕನ್ನಡದಲ್ಲಿ ಇನ್ನೊಂದಿಲ್ಲ ಅನ್ನಿಸಿತು. ಸಾವಿರ ವರ್ಷದ ಹಿಂದೆ ಮುಧೋಳದ ಬಳೆಗಾರರ ಮನೆಯ ಮಗ ಬರೆದದ್ದು.

ಎಲ್ಲ ಮುಗಿದ ಮೇಲೆ ದುರ್ಯೋಧನ ಸಂಜಯನ ಆಸರೆ ಹಿಡಿದು ಭೀಷ್ಮನನ್ನು ನೋಡಲು ರಣರಂಗದ ನಡುವೆ ನಡೆದು ಹೋಗುತ್ತಾನೆ. ಹೆಣಗಳ ಮೇಲೆ, ಮುರಿದ ರಥಗಳ ನಡುವೆ, ರಕ್ತದ ಕೆಸರಿನಲ್ಲಿ. ಅಲ್ಲಿ ಮರುಳುಗಳು ಕುಣಿಯುತ್ತಿವೆ. ಹಳಗನ್ನಡದಲ್ಲಿ ಮರುಳು ಅಂದರೆ ಪಿಶಾಚಿ, ಹುಚ್ಚ ಅಂತಲೂ ಅರ್ಥ. ಅವು ರಾಜನನ್ನೇ ಆಡಿಕೊಳ್ಳುತ್ತವೆ: ಇಷ್ಟು ಜನರನ್ನು ಕೊಲ್ಲಿಸಿದೆಯಲ್ಲ, ನಾನು ಮರುಳೋ ನೀನು ಮರುಳೋ? ಇಷ್ಟು ಕಪ್ಪು ನಗೆ ಆ ಕಾಲಕ್ಕೇ ಇತ್ತು ನೋಡಿ.

ದುರ್ಯೋಧನನಿಗೆ ತಿರುಗಿ ನೋಡಬೇಡ ಅಂತ ಹೇಳುವವರು ಯಾರೂ ಇಲ್ಲ. ಅವನು ಒಂದೊಂದೇ ಹೆಣದ ಮುಂದೆ ನಿಲ್ಲುತ್ತಾನೆ. ದ್ರೋಣನ ಮುಂದೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ಕೈ ಮುಗಿದು, ನಿನ್ನಂಥ ಸಾವು ನಮಗೂ ಬರಲಿ ಅನ್ನುತ್ತಾನೆ. ಕರ್ಣನ ಮುಂದೆ ನಿಂತು, ನಾನು, ದುಶ್ಶಾಸನ, ನೀನು ಅಂತ ಇದ್ದದ್ದೇ ಮೂವರು, ಅವನು ಹೋದ ಮೇಲೆ ನಾವಿಬ್ಬರು, ಈಗ ನೀನೂ ಬಿಟ್ಟು ಎತ್ತ ಹೋದೆ ಅಂತ ಕೇಳುತ್ತಾನೆ. ಮಗ ಲಕ್ಷಣಕುಮಾರನ ಹೆಣದ ಹತ್ತಿರ ಬಂದಾಗ ಹೇಳುವ ಮಾತು ಪಿಯುಸಿಯಲ್ಲಿ ನನಗೆ ಎರಡು ಮಾರ್ಕಿನ ಪ್ರಶ್ನೆ: ಅಪ್ಪನಿಗೆ ಮಗ ನೀರು ಬಿಡುವುದು ಸರಿ, ಈಗ ನಿನಗೆ ನಾನು ಬಿಡುವ ಹಾಗಾಯಿತು, ಹೀಗೆ ಕ್ರಮವಿಪರ್ಯಯ ಮಾಡಬಹುದೇ ಮಗನೇ?

ಕ್ರಮವಿಪರ್ಯಯ. ಈ ಪದದ ಅರ್ಥ ಬರೆಯಿರಿ ಅಂದರೆ ‘ಸರದಿ ತಪ್ಪುವುದು’ ಅಂತ ಬರೆದಿದ್ದೆ. ಕಾಕಾನ ಬೆನ್ನ ಮೇಲೆ ಗಡಿಗೆಯ ನೀರು ಇಳಿಯುತ್ತಿದ್ದುದು ಕಣ್ಣ ಮುಂದೆ ಬಂದು ಪುಸ್ತಕ ಮುಚ್ಚಿದೆ. ರನ್ನ ದುರ್ಯೋಧನನಿಗೆ ಮಾಡಿದ ದೊಡ್ಡ ಉಪಕಾರ ಇದು. ಪೂರ್ತಿ ನೋಡಲು ಬಿಟ್ಟ. ಸ್ಲಾಟ್ ಇರಲಿಲ್ಲ.

ಆಟಿಯ ಮದುವೆ

ಮೇ ತಿಂಗಳಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ದಕ್ಷಿಣ ಕನ್ನಡದ ಸಹೋದ್ಯೋಗಿಯೊಬ್ಬರು ನನ್ನ ಎದುರು ಕೂತರು. ‘ನಿಮ್ಮ ತಮ್ಮನಿಗೆ ಮದುವೆ ಆಗಿತ್ತಾ ಮಾರಾಯ್ರೆ?’ ಅಂತ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಮ್ಮಲ್ಲಾದರೆ ಮಾಡ್ತಾರೆ’ ಅಂದರು. ಅದೇ ಸಮಯಕ್ಕೆ ಪುತ್ತೂರು ಕಡೆಯ ಕುಟುಂಬವೊಂದು ಪತ್ರಿಕೆಯಲ್ಲಿ ಹಾಕಿದ್ದ ಜಾಹೀರಾತು ಎಲ್ಲರ ಫೋನಿನಲ್ಲಿ ಓಡಾಡುತ್ತಿತ್ತು. 30 ವರ್ಷದ ಹಿಂದೆ ತೀರಿಕೊಂಡ ಹುಡುಗಿಗೆ, ಅಷ್ಟೇ ವರ್ಷದ ಹಿಂದೆ ತೀರಿಕೊಂಡ ಹುಡುಗ ಬೇಕಾಗಿದ್ದಾನೆ. ಬೆಂಗಳೂರಿನವರು ಅದನ್ನು ನಗುವ ಚಿಹ್ನೆ ಹಾಕಿ ಕಳಿಸುತ್ತಿದ್ದರು. ನಾನೂ ಹಿಂದಿನ ವರ್ಷವಾಗಿದ್ದರೆ ಕಳಿಸುತ್ತಿದ್ದೆನೇನೋ.

ಅವರು ಊಟ ಮಾಡುತ್ತ ವಿವರ ಹೇಳಿದರು. ಆಟಿ ತಿಂಗಳಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮಾಡುವುದು. ಎರಡೂ ಮನೆಯವರು ಕೂತು ಮಾತಾಡುತ್ತಾರೆ, ಬರಿ, ಅಂದರೆ ಗೋತ್ರದಂಥದ್ದು, ಕೇಳುತ್ತಾರೆ, ಒಂದೇ ಬರಿ ಆದರೆ ಆಗುವುದಿಲ್ಲ. ನಿಶ್ಚಯ ಆಗುತ್ತದೆ. ಧಾರೆ ಸೀರೆ, ಬಳೆ, ಕರಿಮಣಿ, ಗಂಡಿಗೆ ಶರ್ಟು, ಪಂಚೆ. ಎರಡು ಖಾಲಿ ಮಣೆ. ಊಟಕ್ಕೆ ಬಂದವರು ಬಾಳೆಎಲೆ ತುಂಬ ಉಣ್ಣುತ್ತಾರೆ. ಸತ್ತ ಮಗು ಮಗುವಾಗಿಯೇ ಉಳಿಯುವುದಿಲ್ಲ, ಅಲ್ಲೂ ಬೆಳೆಯುತ್ತದೆ, ವಯಸ್ಸಿಗೆ ಬಂದ ಮೇಲೆ ಮನೆಯವರಿಗೆ ನೆನಪು ಮಾಡುತ್ತದೆ. ‘ಹೆದರಿಕೆ ಆಗಲ್ವಾ?’ ಅಂದೆ. ‘ಎಂಥ ಹೆದರಿಕೆ? ಖರ್ಚಿನ ಹೆದರಿಕೆ’ ಅಂದರು ಅವರು, ಸಾರಿಗೆ ಇನ್ನೊಂದು ಸೌಟು ಅನ್ನ ಕಲಸಿಕೊಳ್ಳುತ್ತ.

ಊರಿಗೆ ಫೋನ್ ಮಾಡಿದಾಗ ಇದನ್ನು ಕಾಕಾಗೆ ಹೇಳಲೋ ಬೇಡವೋ ಅಂತ ಯೋಚಿಸಿ, ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ. ಕಾಕಾ ಪೂರ್ತಿ ಕೇಳಿ, ‘ಊಟಕ್ಕ ಏನ್ ಮಾಡ್ತಾರಂತ?’ ಅಂತ ಕೇಳಿದ.

ಮೊನ್ನೆಯ ಹುಣ್ಣಿಮೆ

ಸೆಪ್ಟೆಂಬರ್‌ನಲ್ಲಿ ಜೋಕುಮಾರನ ಹುಣ್ಣಿಮೆ ಬಂತು. ರಜೆ ಸಿಗದೆ ನಾನು ಹೋಗಲಿಲ್ಲ. ಆಯಿ ಈಗಿಲ್ಲ. ನಾಲ್ಕು ಬುಟ್ಟಿ ಬರುತ್ತಿದ್ದ ಓಣಿಗೆ ಈಗ ಒಂದೇ ಬುಟ್ಟಿ ಬರುತ್ತದಂತೆ, ಹೊತ್ತವರ ಜೊತೆ ಹಾಡಲು ಇಬ್ಬರೇ. ಮರುದಿನ ಬೆಳಿಗ್ಗೆ ಕಾಕಾನೇ ಫೋನ್ ಮಾಡಿದ. ಜೋಳದ ಮಾತು, ಎತ್ತಿನ ಕಾಲು ನೋವಿನ ಮಾತು, ಪಿತೃಪಕ್ಷಕ್ಕೆ ಯಾವ ದಿನ ಬರ್ತಿ ಅನ್ನೋ ಮಾತು. ಆಮೇಲೆ ತಾನಾಗಿಯೇ ಹೇಳಿದ.

‘ನಿನ್ನೆ ರಾತ್ರಿ ಜೋಕಪ್ಪನ್ನ ಒಯ್ದ್ರು. ನಾ ಹೊರಗ ಕಟ್ಟಿ ಮ್ಯಾಲೆ ಕುಂತಿದ್ದೆ.’

‘ಒಬ್ಬನ?’

‘ಹೂಂ. ನಿಮ್ಮ ಕಾಕು ಬಾಗಲಾ ಹಾಕ್ಕೊಂಡು ಒಳಗಿಂದ ಬೈಯಾಕತ್ತಿದ್ಲು. ಬೈಲಿ ಅಂತ ಕುಂತೆ.’

‘ಏನರ ಕೇಳ್ತು?’

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಎಮ್ಮೆಯ ಕೊರಳ ಗಂಟೆ ಮಾತ್ರ ಕೇಳಿಸಿತು.

‘ಒಂದ್ ಎರಡ್ ನಾಯಿ ಬೊಗಳಿದ್ವು. ಆಮ್ಯಾಲೆ ಹನಿ ಹಾಕಾಕ ಶುರು ಆತು. ಕೌದಿ ತೊಯ್ತು ಅಂತ ಎದ್ದು ಒಳಗ ಬಂದೆ.’